ನಮ್ಮ ಬೀದಿಗೆ ಯಾರ ಭಯ?

ಇಲ್ಲಿ ಬರೆಯದೆ ಎರಡು ತಿಂಗಳ ಮೇಲಾಯಿತು. ಆಫೀಸಿನ ರಿಲೀಸು, ರಾತ್ರಿ ಹೊತ್ತಿನ ಕಾಲ್‌ಗಳು, ಅದೂ ಇದೂ... ಅಂತ ನೆಪ ಹೇಳಬಹುದು. ಆದರೆ ನಿಜವಾದ ಕಾರಣ ಅದಲ್ಲ. ಬರೆಯಲು ಕೂತಾಗಲೆಲ್ಲ ಇದೊಂದೇ ವಿಷಯ ನೆನಪಾಗುತ್ತಿತ್ತು, ಇದನ್ನು ಬರೆಯಲು ನಾಚಿಕೆಯಾಗುತ್ತಿತ್ತು. ಇವತ್ತು ಬರೆದೇ ಬಿಡುತ್ತೇನೆ. ಸಿಟ್ಟಿದೆ, ಮೊದಲೇ ಹೇಳಿರುತ್ತೇನೆ. ಅದರಲ್ಲಿ ಅರ್ಧ ಸಿಟ್ಟು ನನ್ನ ಮೇಲೆಯೇ.

ನಮ್ಮ ಮನೆ ಶಿವಮೊಗ್ಗದ ವಿನೋಬನಗರದಲ್ಲಿ. ಪೊಲೀಸ್ ಚೌಕಿಯಿಂದ ನಡೆದು ಹೋಗುವಷ್ಟು ದೂರ. ಎರಡು ತಿಂಗಳ ಹಿಂದೆ ಒಂದು ಶನಿವಾರ ಬೆಳಿಗ್ಗೆ ಊರಿಗೆ ಹೋದಾಗ ನಮ್ಮ ಬೀದಿಯ ತುದಿಯಲ್ಲಿ ಹೊಸ ಬೋರ್ಡು ನಿಂತಿತ್ತು. "ಅಪರಿಚಿತ ವ್ಯಾಪಾರಿಗಳು, ಗುಜರಿಯವರು, ರಿಪೇರಿಯವರು ಈ ರಸ್ತೆಗೆ ಬರುವಂತಿಲ್ಲ. ನೀವು ಸಿಸಿಟಿವಿ ಕಣ್ಗಾವಲಿನಲ್ಲಿದ್ದೀರಿ."

ಅಲ್ಲ ಸ್ವಾಮಿ, ನಾನು ಹುಟ್ಟಿ ಬೆಳೆದ ಬೀದಿ ಇದು. ಸೊಪ್ಪಿನವಳು, ಹೂವಿನವನು, ಹಳೇ ಪೇಪರಿನವನು, ಸಾಣೆ ಹಿಡಿಯುವವನು... ಇವರ ಕೂಗು ಕೇಳಿಯೇ ಅಮ್ಮ ಗಂಟೆ ಎಷ್ಟಾಯಿತು ಅಂತ ಹೇಳುತ್ತಿದ್ದಳು. ಇವರೆಲ್ಲ ಅಪರಿಚಿತರಾಗಿದ್ದು ಯಾವಾಗ?

ಬೋರ್ಡು ಯಾಕೆ ಬಂತು ಅನ್ನೋದನ್ನು ಆಮೇಲೆ ಹೇಳುತ್ತೇನೆ. ಮೊದಲು ಅಮ್ಮನ ಕಥೆ ಕೇಳಿ.

ತೊಂಬತ್ತರ ದಶಕ. ನಾನಿನ್ನೂ ಹುಟ್ಟಿರಲಿಲ್ಲ, ಅಕ್ಕ ತೊಟ್ಟಿಲಲ್ಲಿದ್ದಳು. ಅಪ್ಪನಿಗೆ ಭದ್ರಾವತಿಯಲ್ಲಿ ಕಾರ್ಖಾನೆ ಕೆಲಸ, ವಾರ ಬಿಟ್ಟು ವಾರ ನೈಟ್ ಶಿಫ್ಟು. ಆಗಲೇ "ನಾಳೆ ಬಾ" ಸುದ್ದಿ ಹಬ್ಬಿದ್ದು. ನಿಮಗೂ ಗೊತ್ತಿರುತ್ತದೆ. ರಾತ್ರಿ ಒಂದು ಹೆಣ್ಣು ದೆವ್ವ ಬಂದು ಬಾಗಿಲು ತಟ್ಟುತ್ತದಂತೆ, ಮನೆಯವರದೇ ದನಿಯಲ್ಲಿ ಕರೆಯುತ್ತದಂತೆ, ತೆಗೆದರೆ ಮುಗಿಯಿತಂತೆ. ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದಿಟ್ಟರೆ ಓದಿಕೊಂಡು ವಾಪಸ್ ಹೋಗುತ್ತದಂತೆ. ಮಾರನೇ ದಿನ ಮತ್ತೆ ಬಂದು ಮತ್ತೆ ಓದಿ ಮತ್ತೆ ಹೋಗುತ್ತದಂತೆ. ನಮ್ಮ ದೆವ್ವಕ್ಕೆ ಕನ್ನಡ ಓದಲು ಬರುತ್ತಿತ್ತು ಅನ್ನುವುದೇ ಹೆಮ್ಮೆ :) ಬೆಂಗಳೂರಿಂದ ಹಿಡಿದು ಎಷ್ಟೋ ಊರುಗಳ ಬಾಗಿಲುಗಳ ಮೇಲೆ ಈ ಎರಡು ಪದ ಇದ್ದವು. 2018ರಲ್ಲಿ ಹಿಂದಿಯವರು "ಸ್ತ್ರೀ" ಸಿನಿಮಾಕ್ಕೆ ಇದನ್ನೇ ಎತ್ತಿಕೊಂಡರು.

ಅಮ್ಮನೂ ಸೀಮೆಸುಣ್ಣದಲ್ಲಿ ಬರೆದಿದ್ದಳು. ಒಂದು ದಿನ ಅಪ್ಪ ಶಿಫ್ಟು ಮಧ್ಯದಲ್ಲೇ ಬಿಟ್ಟು, ಜ್ವರ ಅಂತ, ನಡುರಾತ್ರಿ ಮನೆಗೆ ಬಂದಿದ್ದಾರೆ. ಬಾಗಿಲು ತಟ್ಟಿದ್ದಾರೆ, ಅಮ್ಮನ ಹೆಸರು ಹಿಡಿದು ಕರೆದಿದ್ದಾರೆ. ಗಂಡನ ದನಿಯೇ! ಅಂದರೆ ಖಂಡಿತ ದೆವ್ವವೇ! ಅಮ್ಮ ತೆಗೆಯಲಿಲ್ಲ. ಅಪ್ಪನ ಕೂಗಿಗೆ ಎದುರುಮನೆ ಅಜ್ಜಿ ಎದ್ದರು, ಅವರ ಮಗ ಎದ್ದ, ಪಕ್ಕದ ಮನೆಯವರು ಲಾಟೀನು ಹಿಡಿದು ಬಂದರು. "ತೆಗಿ ಮಾರಾಯ್ತಿ, ನಿನ್ನ ಗಂಡನೇ, ನಾನು ಮುಟ್ಟಿ ನೋಡಿದೀನಿ" ಅಂತ ಅಜ್ಜಿ ಕೂಗಿದ ಮೇಲೆಯೇ ಚಿಲಕ ತೆಗೆದಳಂತೆ. ಆಮೇಲೆ ಎಲ್ಲರಿಗೂ ಕಾಫಿ. ಆ ವಾರ ಪೂರ್ತಿ ಅಜ್ಜಿ ನಮ್ಮ ಮನೆಯಲ್ಲೇ ಮಲಗಿದರು.

ಈ ಕಥೆಯನ್ನು ನೂರು ಸಲ ಕೇಳಿ ನಕ್ಕಿದ್ದೇನೆ. ಈಗ ನಗು ಬರುವುದಿಲ್ಲ. ಭಯ ಸುಳ್ಳಾಗಿತ್ತು, ಆದರೆ ಅದು ಎದುರುಮನೆ ಬಾಗಿಲು ತೆಗೆಸುತ್ತಿತ್ತು.

ಹಾಗಂತ ಹಳೇ ಕಾಲವೆಲ್ಲ ಚಿನ್ನ ಅಂತ ನಾನು ಹೇಳುತ್ತಿಲ್ಲ. ಹಳೇ ಭಯಕ್ಕೂ ಬಲಿಗಳಿದ್ದವು. 1871ರಲ್ಲಿ ಬ್ರಿಟಿಷರು ಕಾನೂನು ಮಾಡಿ ಅಲೆಮಾರಿ ಸಮುದಾಯಗಳನ್ನು ಇಡಿಯಾಗಿ "ಹುಟ್ಟು ಅಪರಾಧಿಗಳು" ಅಂತ ಪಟ್ಟಿ ಮಾಡಿದ್ದರು. ಆ ಕಾನೂನು 1952ರಲ್ಲಿ ರದ್ದಾಯಿತು, ಪಟ್ಟಿ ಮಾತ್ರ ನಮ್ಮ ತಲೆಯಿಂದ ಹೋಗಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ದಂಡುಪಾಳ್ಯ ಗ್ಯಾಂಗಿನ ಕೊಲೆ ಸುಲಿಗೆಗಳು ನಡೆದವು. ಅದು ದೆವ್ವದ ಕಥೆಯಲ್ಲ, ನಿಜವಾದ ರಕ್ತ. ಹೆಂಗಸರು ಒಬ್ಬರೇ ಇರುವ ಮನೆಗೆ ಬಂದು ಕುಡಿಯಲು ನೀರು ಕೇಳಿ ಒಳಗೆ ನುಗ್ಗುತ್ತಿದ್ದರು ಅನ್ನುವ ಸುದ್ದಿ ಮನೆಮನೆಗೂ ಮುಟ್ಟಿತು. "ಹಾಯ್ ಬೆಂಗಳೂರ್!" ಓದಿ, ಈಟಿವಿಯಲ್ಲಿ "ಕ್ರೈಮ್ ಡೈರಿ" ನೋಡಿ ನಮ್ಮ ಬೀದಿಯವರು ಮಲಗುತ್ತಿದ್ದರು. ಮಲಗುತ್ತಿದ್ದರು ಅನ್ನುವುದಕ್ಕಿಂತ ಎದ್ದಿರುತ್ತಿದ್ದರು ಅನ್ನಬೇಕು. ನಮ್ಮ ಮನೆಯ ವರಾಂಡಕ್ಕೆ ಕಬ್ಬಿಣದ ಗ್ರಿಲ್ಲು ಬಂದಿದ್ದು ಆಗಲೇ. ಬಾಯಾರಿ ಬಂದವರಿಗೆ ನೀರು ಬೆಲ್ಲ ಕೊಡುವ ಊರಿನಲ್ಲಿ ನೀರು ಕೇಳುವುದೇ ಅನುಮಾನಕ್ಕೆ ಕಾರಣವಾಯಿತು. ಇನ್ನೊಂದು ಕಡೆ ನೋಡಿ, ಹೊಸಕೋಟೆ ತಾಲ್ಲೂಕಿನ ಒಂದು ಹಳ್ಳಿಯ ಹೆಸರು ಕೊಲೆಗೆ ಪರ್ಯಾಯಪದವಾಯಿತು. 2012ರಲ್ಲಿ ಸಿನಿಮಾ ಬಂದು ಆ ಹೆಸರನ್ನು ಪೋಸ್ಟರಿಗೂ ಅಂಟಿಸಿತು. ಆ ಹಳ್ಳಿಯಿಂದ ಬಂದ ಹುಡುಗನೊಬ್ಬ ಇಂಟರ್‌ವ್ಯೂನಲ್ಲಿ ತನ್ನೂರಿನ ಹೆಸರು ಹೇಗೆ ಹೇಳಿಯಾನು, ಯೋಚನೆ ಮಾಡಿ.

ಈಗ ಲೆಕ್ಕಕ್ಕೆ ಬರೋಣ. ಇಂಜಿನಿಯರ್ ಆದ ಮೇಲೆ ಲೆಕ್ಕ ಇಲ್ಲದೆ ಹೋದರೆ ಹೇಗೆ?

"ಕಾಲ ಕೆಟ್ಟೋಯ್ತು, ಮುಂಚೆ ಹಿಂಗಿರ್ಲಿಲ್ಲ" ಅಂತ ನಮ್ಮಲ್ಲಿ ದಿನಕ್ಕೊಮ್ಮೆಯಾದರೂ ಯಾರಾದರೂ ಹೇಳುತ್ತಾರೆ. ದೇಶದ ಅಪರಾಧ ಲೆಕ್ಕದ ವರದಿ 1953ರಿಂದ ಬರುತ್ತಿದೆ. ಪೊಲೀಸರ ತನಕ ಹೋಗದ ಅಪರಾಧಗಳು ಬೇಕಾದಷ್ಟಿವೆ, ಒಪ್ಪಿದೆ. ಆದರೆ ಕೊಲೆಯನ್ನು ಮುಚ್ಚಿಡುವುದು ಕಳ್ಳತನವನ್ನು ಮುಚ್ಚಿಟ್ಟಷ್ಟು ಸುಲಭವಲ್ಲ, ಆದ್ದರಿಂದ ಕೊಲೆಯ ಲೆಕ್ಕ ಸ್ವಲ್ಪ ನಂಬಬಹುದು. 1992ರಲ್ಲಿ ದೇಶದಲ್ಲಿ ದಾಖಲಾದ ಕೊಲೆ ಪ್ರಕರಣಗಳು ಸುಮಾರು 40,000. ಅಂದರೆ ಲಕ್ಷ ಜನಕ್ಕೆ ನಾಲ್ಕೂವರೆಗಿಂತ ಹೆಚ್ಚು. 2023ರಲ್ಲಿ 27,721, ಲಕ್ಷಕ್ಕೆ ಸುಮಾರು ಎರಡು. ಈ ನಡುವೆ ಜನಸಂಖ್ಯೆ ಐವತ್ತು ಕೋಟಿಯಷ್ಟು ಬೆಳೆದಿದೆ! ಅಮ್ಮ ಬೇಸಿಗೆಯಲ್ಲಿ ಬಾಗಿಲು ತೆಗೆದೇ ಮಧ್ಯಾಹ್ನದ ನಿದ್ದೆ ಮಾಡುತ್ತಿದ್ದ ಕಾಲದಲ್ಲಿ ಕೊಲೆಯಾಗುವ ಸಂಭವ ಈಗಿನ ಎರಡರಷ್ಟಿತ್ತು. ಈಗ ಗ್ರಿಲ್ಲು, ಅದಕ್ಕೊಂದು ಬೀಗ, ಬಾಗಿಲಿಗೆ ಮೂರು ಚಿಲಕ, ಮೇಲೆ ಕ್ಯಾಮೆರಾ. ಆದರೂ ನಿದ್ದೆ ಇಲ್ಲ.

ಇದು ನಮ್ಮೊಬ್ಬರ ಕಾಯಿಲೆಯಲ್ಲ. ಅಮೆರಿಕದಲ್ಲಿ ತೊಂಬತ್ತರ ದಶಕದ ಆರಂಭದಿಂದ ಹಿಂಸಾಪರಾಧ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿದೆ. ಆದರೆ ಗ್ಯಾಲಪ್‌ನವರು ಕೇಳಿದಾಗ ಹೆಚ್ಚಿನ ವರ್ಷಗಳಲ್ಲಿ ಹೆಚ್ಚಿನ ಜನ "ಹೋದ ವರ್ಷಕ್ಕಿಂತ ಈ ವರ್ಷ ಅಪರಾಧ ಜಾಸ್ತಿ" ಅಂತಲೇ ಹೇಳಿದ್ದಾರೆ. ಜಾರ್ಜ್ ಗರ್ಬ್ನರ್ ಅನ್ನುವ ವಿದ್ವಾಂಸ ಎಪ್ಪತ್ತರ ದಶಕದಲ್ಲೇ ಇದನ್ನು ಹೇಳಿದ್ದ. ಟಿವಿ ಹೆಚ್ಚು ನೋಡುವವರಿಗೆ ಜಗತ್ತು ಇರುವುದಕ್ಕಿಂತ ಕ್ರೂರವಾಗಿ ಕಾಣುತ್ತದೆ ಅಂತ. ಅವನು ನೋಡಿದ್ದು ಟಿವಿಯನ್ನು. ಜೇಬಿನಲ್ಲಿ ಇಟ್ಟುಕೊಂಡು ಬಚ್ಚಲಿಗೂ ಒಯ್ಯುವ ಟಿವಿಯನ್ನು ಅವನು ನೋಡಿರಲಿಲ್ಲ.

ಆ ಜೇಬಿನ ಟಿವಿ ಏನು ಮಾಡಬಲ್ಲದು ಅಂತ ನಾವು ಎರಡು ಸಲ ನೋಡಿದ್ದೇವೆ. 2012ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿದ್ದ ಈಶಾನ್ಯ ರಾಜ್ಯಗಳ ಹುಡುಗರಿಗೆ "ನಿಮ್ಮ ಮೇಲೆ ದಾಳಿಯಾಗುತ್ತದೆ" ಅನ್ನುವ ಎಸ್ಸೆಮ್ಮೆಸ್‌ಗಳು ಹರಿದಾಡಿದವು. ಸಾವಿರಾರು ಮಂದಿ ಗಂಟುಮೂಟೆ ಕಟ್ಟಿ ರೈಲ್ವೆ ಸ್ಟೇಷನ್ನಿಗೆ ಬಂದರು, ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಕೇಂದ್ರ ಸರ್ಕಾರ ಒಂದೇ ಸಲ ಐದಕ್ಕಿಂತ ಹೆಚ್ಚು ಜನಕ್ಕೆ ಎಸ್ಸೆಮ್ಮೆಸ್ ಕಳಿಸದಂತೆ ಹದಿನೈದು ದಿನ ತಡೆ ಹಾಕಿತು. ಆಗ ನಾವು, "ಪಾಪ, ಹೆದರಿಬಿಟ್ಟರು" ಅಂದೆವು.

2018ರಲ್ಲಿ ಹೆದರಿದ್ದು ನಾವು. ನಾನಾಗ ಇಂಜಿನಿಯರಿಂಗ್ ಆರನೇ ಸೆಮಿಸ್ಟರ್. "ಮಕ್ಕಳ ಕಳ್ಳರು ಕರ್ನಾಟಕಕ್ಕೆ ಬಂದಿದ್ದಾರೆ" ಅನ್ನುವ ಮೆಸೇಜು, ಜೊತೆಗೊಂದು ವಿಡಿಯೋ. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುವ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ನಾನು ಅದನ್ನು ಮನೆಯ ಗ್ರೂಪಿಗೆ, ಬೀದಿಯ ಗ್ರೂಪಿಗೆ, ಹೈಸ್ಕೂಲ್ ಗೆಳೆಯರ ಗ್ರೂಪಿಗೆ ತಳ್ಳಿದೆ. ಮೂರು ಒತ್ತು, ಅಷ್ಟೇ ಕೆಲಸ. ಆ ವಿಡಿಯೋ ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಜಾಹೀರಾತು ಅಂತ ಆಮೇಲೆ ಗೊತ್ತಾಯಿತು. ಕೊನೆಯಲ್ಲಿ ಅವರೇ ಮಗುವನ್ನು ವಾಪಸ್ ತಂದು ಬಿಟ್ಟು, ಎಚ್ಚರಿಕೆಯ ಬೋರ್ಡು ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಮಾತ್ರ ಕತ್ತರಿಸಿ ಹಾಕಿದ್ದರು.

ಆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ಬಂದಿದ್ದ 26 ವರ್ಷದ ಯುವಕನೊಬ್ಬನನ್ನು ಮಕ್ಕಳ ಕಳ್ಳ ಅಂತ ಕೈಕಾಲು ಕಟ್ಟಿ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇನ್ನೊಬ್ಬ. ಗೆಳೆಯರ ಜೊತೆ ಕಾರಿನಲ್ಲಿ ಬಂದಿದ್ದ ಹೈದರಾಬಾದಿನವನು. ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದಾರೆ. ಅಷ್ಟಕ್ಕೆ ವಾಟ್ಸಾಪಿನಲ್ಲಿ ಸುದ್ದಿ ಓಡಿದೆ. ಕಾರಿಗಿಂತ ಮುಂಚೆ ಸುದ್ದಿ ಮುರ್ಕಿ ತಲುಪಿ, ರಸ್ತೆಗೆ ಅಡ್ಡ ಹಾಕಿ ಕಾದಿದ್ದಾರೆ. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಸತ್ತವನಿಗೆ 32 ವರ್ಷ, ಸಾಫ್ಟ್‌ವೇರ್ ಇಂಜಿನಿಯರ್. ಪೊಲೀಸರು ಗ್ರೂಪ್ ಅಡ್ಮಿನ್ ಸೇರಿದಂತೆ ಹಲವರನ್ನು ಬಂಧಿಸಿದರು. ಅದೇ ತಿಂಗಳು ವಾಟ್ಸಾಪ್‌ನವರು ಭಾರತದಲ್ಲಿ ಒಂದು ಸಲಕ್ಕೆ ಐದೇ ಕಡೆ ಫಾರ್ವರ್ಡ್ ಅಂತ ಮಿತಿ ಹಾಕಿದರು. ನಾನು ಕಳಿಸಿದ್ದು ಮೂರೇ ಕಡೆ. ಹೊಸ ನಿಯಮದ ಪ್ರಕಾರವೂ ನಾನು ನಿರಪರಾಧಿ!

ಇಷ್ಟೆಲ್ಲ ಗೊತ್ತಿದ್ದ ನಾನು ಕಲಿತೆನಾ? ಇಲ್ಲ. ಇಲ್ಲಿಗೆ ಬೋರ್ಡಿನ ಕಥೆ ಬಂತು.

ಎರಡು ತಿಂಗಳ ಹಿಂದಿನ ಒಂದು ಮಂಗಳವಾರ. ನಾನು ಬೆಂಗಳೂರಿನಲ್ಲಿ, ಬೆಳಗಿನ ಮೀಟಿಂಗಿನಲ್ಲಿ ಕೂತಿದ್ದೆ. ಬೀದಿಯ ಗ್ರೂಪಿನಲ್ಲಿ ಒಂದು ಫೋಟೋ. ಯಾರದೋ ಕ್ಯಾಮೆರಾದಿಂದ ತೆಗೆದ ಮಸುಕು ಚಿತ್ರ: ಸೈಕಲ್ ತಳ್ಳಿಕೊಂಡು ಬರುತ್ತಿರುವ ಮನುಷ್ಯ, ತಲೆಗೆ ಟವೆಲ್ಲು, ಮನೆಗಳ ಕಡೆ ನೋಡುತ್ತಿದ್ದಾನೆ. ಕೆಳಗೆ, "ಎಚ್ಚರ! ಬೀಗ ಹಾಕಿದ ಮನೆ ಗುರುತು ಮಾಡುತ್ತಿದ್ದಾನೆ. ಎಲ್ಲರಿಗೂ ಶೇರ್ ಮಾಡಿ." ನಾನು ಫೋಟೋ ದೊಡ್ಡದು ಮಾಡಿ ನೋಡಲಿಲ್ಲ. ಹೆಬ್ಬೆಟ್ಟು ಒತ್ತಿದೆ. ನನ್ನಂತೆ ಇಪ್ಪತ್ತು ಮಂದಿ ಹೆಬ್ಬೆಟ್ಟು ಒತ್ತಿದ್ದರು.

ಅವನು ಸಾಣೆ ಹಿಡಿಯುವವನು. ಸೈಕಲ್ಲಿನ ಮೇಲೆ ಸಾಣೆ ಚಕ್ರ ಇಟ್ಟುಕೊಂಡು, "ಚಾಕು ಕತ್ರಿ ಈಳಿಗೆ ಸಾಣೇ..." ಅಂತ ಕೂಗುತ್ತಾ ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗಿನಿಂದ ಬರುತ್ತಿದ್ದವನು. ಮನೆಗಳ ಕಡೆ ನೋಡುತ್ತಿದ್ದ, ಹೌದು. ಯಾರಾದರೂ ಕರೆಯುತ್ತಾರಾ ಅಂತ ನೋಡದೆ ಅವನು ಇನ್ನೆಲ್ಲಿ ನೋಡಬೇಕಿತ್ತು? ನಾಲ್ಕೈದು ಜನ ತಡೆದರು. ಚೀಲ ಸುರಿಸಿದರು. ಚೀಲದಲ್ಲಿ ಚಾಕುಗಳಿದ್ದವು! ಸಾಣೆಯವನ ಚೀಲದಲ್ಲಿ ಚಾಕು ಸಿಕ್ಕಿದ್ದೇ ಸಾಕ್ಷಿಯಾಯಿತು. ಆಧಾರ್ ಕೇಳಿದರು, ಇರಲಿಲ್ಲ. ಎರಡೇಟು ಬಿತ್ತು. ಯಾರೋ ಹಿರಿಯರು ಬಂದು ಬಿಡಿಸಿ ಕಳಿಸಿದರು, ಪುಣ್ಯ. ಮುರ್ಕಿ ಆಗಲಿಲ್ಲ ಅಷ್ಟೇ.

ಅಮ್ಮ ಗ್ರಿಲ್ಲಿನ ಹಿಂದೆ ನಿಂತು ಎಲ್ಲ ನೋಡಿದ್ದಾಳೆ. "ಅವನು ನಮ್ಮ ಸಾಣೆಯವನು ಅಂತ ಹೇಳಬಾರದಿತ್ತಾ ಅಮ್ಮ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೆದರಿಕೆ ಆಯ್ತು ಕಣೋ. ಅವನಿಗಲ್ಲ, ಹೊಡೆಯೋರಿಗೆ" ಅಂದಳು.

ಬುಧವಾರ ಬೋರ್ಡು ಬಂತು. ಗುರುವಾರ ಕಳ್ಳ ಬಂದ.

ಬಾಗಿಲಿಂದ ಬರಲಿಲ್ಲ. ಅಪ್ಪನ ಫೋನಿನಲ್ಲಿ ಬಂದ. "ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ನೀವು ಡಿಜಿಟಲ್ ಅರೆಸ್ಟ್‌ನಲ್ಲಿದ್ದೀರಿ." ವಿಡಿಯೋ ಕಾಲಿನಲ್ಲಿ ಪೊಲೀಸ್ ಯೂನಿಫಾರ್ಮು, ಹಿಂದೆ ಲಾಂಛನ. ಅವರು ಅಪ್ಪನಿಗೆ ಹೇಳಿದ ಮೊದಲ ಮಾತು ಏನು ಗೊತ್ತಾ? "ಬಾಗಿಲು ಹಾಕಿಕೊಳ್ಳಿ. ಯಾರ ಜೊತೆಯೂ ಮಾತಾಡಬೇಡಿ." ನಮ್ಮ ಬೀದಿ ಹತ್ತು ವರ್ಷಗಳಿಂದ ಅಭ್ಯಾಸ ಮಾಡಿದ್ದೇ ಅದನ್ನು! ಅಮ್ಮ ಅಕ್ಕನ ಮನೆಗೆ ಹೋಗಿದ್ದಳು. ಅಪ್ಪ ಆರು ಗಂಟೆ ಕಾಲ ರೂಮಿನಲ್ಲಿ ಕೂತಿದ್ದರು. ಎದುರುಮನೆ ಹದಿನೈದು ಹೆಜ್ಜೆ ದೂರ. ನಡುವೆ ನಾಲ್ಕು ಕ್ಯಾಮೆರಾ. ನಾಲ್ಕೂ ರಸ್ತೆ ನೋಡುತ್ತಿದ್ದವು. ಸಂಜೆಗೆ ನಾಲ್ಕು ಲಕ್ಷ ಇಪ್ಪತ್ತು ಸಾವಿರ ಹೋಗಿತ್ತು. ನಾಚಿಕೆಯಿಂದ ಮಾರನೇ ದಿನದವರೆಗೂ ನಮಗೂ ಹೇಳಲಿಲ್ಲ. ಶುಕ್ರವಾರ ರಾತ್ರಿ ನನಗೆ ಫೋನ್ ಬಂತು, ಶನಿವಾರ ನಾನು ಊರಿನಲ್ಲಿದ್ದೆ. 1930ಕ್ಕೆ ಕರೆ ಮಾಡುವಷ್ಟರಲ್ಲಿ ದುಡ್ಡು ಹತ್ತಾರು ಖಾತೆ ದಾಟಿ ಹೋಗಿತ್ತು.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತ ಗಾದೆ. ನಮ್ಮದು ಇನ್ನೂ ಚೆಂದ. ದಿಡ್ಡಿ ಬಾಗಿಲು ಭದ್ರವಾಗಿ ಹಾಕಿಕೊಂಡು, ಒಳಗೆ ಕೂತು, ಕೋಟೆಯನ್ನು ನಾವೇ ಎತ್ತಿಕೊಟ್ಟೆವು.

ಮತ್ತೆ ಲೆಕ್ಕ. 2024ರ ಒಂದೇ ವರ್ಷದಲ್ಲಿ ದೇಶದ ಜನ ಸೈಬರ್ ವಂಚನೆಗೆ ಕಳೆದುಕೊಂಡಿದ್ದು 22,845 ಕೋಟಿ ರೂಪಾಯಿ ಅಂತ ಸರ್ಕಾರವೇ ಲೋಕಸಭೆಗೆ ಹೇಳಿದೆ. ಹಿಂದಿನ ವರ್ಷದ ಮೂರು ಪಟ್ಟು. 2023ರಲ್ಲಿ ಅತಿ ಹೆಚ್ಚು ಸೈಬರ್ ಅಪರಾಧ ಪ್ರಕರಣ ದಾಖಲಾಗಿದ್ದು ನಮ್ಮ ಕರ್ನಾಟಕದಲ್ಲೇ, 21,889. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿ ರೇಡಿಯೋದಲ್ಲಿ ಡಿಜಿಟಲ್ ಅರೆಸ್ಟ್ ಅನ್ನುವ ಕಾನೂನೇ ಇಲ್ಲ ಅಂತ ಹೇಳಿ, ಕೇಳಿಸಿದ್ದು ವಿಜಯಪುರದವರೊಬ್ಬರು ರೆಕಾರ್ಡ್ ಮಾಡಿದ್ದ ಕರೆಯನ್ನು. ಅಪ್ಪ ಆ ಭಾಷಣ ಕೇಳಿದ್ದರು. ಕೇಳಿದ್ದರೂ ಮೋಸ ಹೋದರು. ಹೆದರಿದ ಮನುಷ್ಯನಿಗೆ ಮಾಹಿತಿ ಇದ್ದರೆ ಸಾಲದು, ಪಕ್ಕದಲ್ಲಿ ಒಬ್ಬ ಮನುಷ್ಯ ಬೇಕು. "ತೆಗಿ ಮಾರಾಯ, ನಾನು ನೋಡಿದೀನಿ, ಅದು ಪೊಲೀಸ್ ಅಲ್ಲ" ಅನ್ನುವ ಒಬ್ಬ ಅಜ್ಜಿ ಬೇಕು.

ಇಲ್ಲಿ ನೀವು ಕೇಳಬಹುದು: ಹಾಗಾದರೆ ಹೆದರಲೇಬಾರದಾ? ಸರಗಳ್ಳತನ ಸುಳ್ಳಾ? ಮನೆಗಳ್ಳತನ ಸುಳ್ಳಾ? 2022ರ ಫೆಬ್ರುವರಿಯಲ್ಲಿ ಒಂದು ಕೊಲೆಯಾಗಿ, ನಿಷೇಧಾಜ್ಞೆ ಬಿದ್ದು, ಶಾಲೆಗಳು ಮುಚ್ಚಿ ಇಡೀ ಶಿವಮೊಗ್ಗ ಬಾಗಿಲು ಹಾಕಿಕೊಂಡು ಕೂತಿದ್ದು ಸುಳ್ಳಾ? ಯಾವುದೂ ಸುಳ್ಳಲ್ಲ. ರಾತ್ರಿ ಬಸ್ ಇಳಿದು ನಡೆದು ಬರುವ ಹೆಣ್ಣುಮಕ್ಕಳ ಭಯದ ಬಗ್ಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಆದರೆ ಅಲ್ಲೂ ಲೆಕ್ಕ ನೋಡಿ. 2021ರ ವರದಿಯಲ್ಲಿ ಅತ್ಯಾಚಾರ ಪ್ರಕರಣಗಳ ಪೈಕಿ ನೂರಕ್ಕೆ 96ಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿ ಪರಿಚಿತನೇ: ನೆಂಟ, ನೆರೆಯವ, ಗೆಳೆಯ. "ಪರಿಚಿತರಿಗೆ ಪ್ರವೇಶವಿಲ್ಲ" ಅಂತ ಯಾರಾದರೂ ಬೋರ್ಡು ಹಾಕಿದ್ದಾರಾ?

ನನ್ನ ಜಗಳ ಭಯದ ಜೊತೆಗಲ್ಲ, ಅದರ ಗುರಿಯ ಜೊತೆಗೆ. ನಮ್ಮ ಭಯ ಯಾವಾಗಲೂ ಸೈಕಲ್ ತಳ್ಳುವವನನ್ನೇ ಹುಡುಕಿಕೊಂಡು ಹೋಗುತ್ತದೆ. ಅವನನ್ನು ಹೊಡೆಯಬಹುದು, ಅವನು ತಿರುಗಿ ಹೊಡೆಯುವುದಿಲ್ಲ, ಅದಕ್ಕೆ. ಯೂನಿಫಾರ್ಮು ಹಾಕಿಕೊಂಡು ಸ್ಪಷ್ಟ ಇಂಗ್ಲಿಷಿನಲ್ಲಿ ಮಾತಾಡುವವನಿಗೆ ನಾವು ಅನುಮಾನ ಪಡುವುದಿಲ್ಲ, ಸಾರ್ ಅನ್ನುತ್ತೇವೆ. 1961ರಲ್ಲಿ ಜೇನ್ ಜೇಕಬ್ಸ್ ಅನ್ನುವ ಲೇಖಕಿ, ಬೀದಿಯನ್ನು ಕಾಯುವುದು ಬೀದಿಯ ಮೇಲಿರುವ ಕಣ್ಣುಗಳು ಅಂತ ಬರೆದಳು. ನಮ್ಮಲ್ಲಿ ಆ ಕಣ್ಣುಗಳು ಸೊಪ್ಪಿನವಳದು, ಸಾಣೆಯವನದು, ಜಗಲಿ ಮೇಲೆ ಕೂತ ಅಜ್ಜಿಯದು. ಅವರನ್ನೆಲ್ಲ ಓಡಿಸಿ, ರೆಪ್ಪೆಯಿಲ್ಲದ ನಾಲ್ಕು ಕಣ್ಣು ಗೋಡೆಗೆ ಹೊಡೆದಿದ್ದೇವೆ.

ನಾನು ಬೀದಿಯ ಗ್ರೂಪಿನಲ್ಲಿ ಮೂರು ಮಾತು ಬರೆದೆ. ಅನುಮಾನ ಬಂದರೆ 112ಕ್ಕೆ ಫೋನ್ ಮಾಡಿ, ಫೋಟೋ ಹಾಕಬೇಡಿ. ಒಬ್ಬರೇ ಇರುವ ಹಿರಿಯರ ಮನೆಗೆ ದಿನಕ್ಕೊಮ್ಮೆ ಯಾರಾದರೂ ಹೋಗಿ ಬನ್ನಿ. ಬೋರ್ಡು ತೆಗೆಯಿರಿ. ಉತ್ತರ ಬಂತು: "ಬೆಂಗಳೂರಲ್ಲಿ ಕೂತು ಹೇಳೋದು ಸುಲಭ." ಅದು ನಿಜವೇ. ಹೆಬ್ಬೆಟ್ಟು ಒತ್ತಿದ್ದೂ ಬೆಂಗಳೂರಲ್ಲಿ ಕೂತೇ. ಆದರೆ ಎದುರುಮನೆಯವರು ಈಗ ಸಂಜೆ ಬಂದು ಅಪ್ಪನ ಜೊತೆ ಅರ್ಧ ಗಂಟೆ ಕೂರುತ್ತಾರೆ. ಆ ಅಜ್ಜಿಯ ಮಗನೇ, ಅವರಿಗೂ ಅರವತ್ತೈದಾಯಿತು. ಅವರು ಬಂದಾಗ ಗ್ರಿಲ್ಲಿನ ಬೀಗ ತೆಗೆಯುತ್ತಾರೆ. ಸದ್ಯಕ್ಕೆ ಗೆದ್ದಿದ್ದು ಅಷ್ಟು.

ಬೋರ್ಡು ಅಲ್ಲೇ ಇದೆ. ಸಾಣೆಯವನು ಮತ್ತೆ ಬಂದಿಲ್ಲ. ಅವನ ಹೆಸರು, ಮನೆ, ಯಾವುದೂ ನಮಗೆ ಗೊತ್ತಿಲ್ಲ. ಹದಿನೈದು ವರ್ಷ ಅವನ ಕೈಗೆ ನಮ್ಮ ಮನೆಯ ಚಾಕು ಕೊಟ್ಟಿದ್ದೆವು, ಹೆಸರು ಕೇಳಿರಲಿಲ್ಲ. ಮೊನ್ನೆ ಫೋನಿನಲ್ಲಿ ಅಮ್ಮ ಹೇಳಿದಳು, ಈಳಿಗೆ ಮೊಂಡಾಗಿದೆ, ಕುಂಬಳಕಾಯಿ ಹೆಚ್ಚಲು ಆಗುತ್ತಿಲ್ಲ ಅಂತ. ಹೊಸದು ತರುತ್ತೇನೆ ಅಂದೆ. "ಬೇಡ, ಅವನು ಬಂದ್ರೆ ನೋಡೋಣ" ಅಂದಳು.

ನಿಮ್ಮ ಬೀದಿಯಲ್ಲಿ ಹೇಗಿದೆ? ಈಗ ಅಲ್ಲಿಗೆ ಯಾರು ಕೂಗುತ್ತಾ ಬರುತ್ತಾರೆ, ಯಾರು ಬರುವುದು ನಿಂತಿದೆ? ಬರೆಯಿರಿ. ಫಾರ್ವರ್ಡ್ ಮಾಡಬೇಡಿ, ನಿಮ್ಮ ಕಣ್ಣಲ್ಲಿ ಕಂಡಿದ್ದನ್ನು ಬರೆಯಿರಿ.